ಕಾರಣ: ಕೆಮ್ಮು

ಅವಳು ಕೆಮ್ಮಿದ ಒಂದೇ ಒಂದು ಕೆಮ್ಮಿಗೆ ಇಡೀ ಗಣಿ ನಿಂತುಹೋಯಿತು ಎಂದರೆ ನಂಬದವರಿದ್ದಾರೆ. ನಂಬದಿದ್ದರೆ ಅವರ ಹಣೆಬರಹ. ಮುನ್ನೂರು ಅಡಿ ಕೆಳಗೆ ಕಲ್ಲಿದ್ದಲು ಅಗೆಯುತ್ತಿದ್ದ ಯಂತ್ರದ ಡ್ರೈವರ್ ಅದನ್ನು ಬಂಡೆ ಸಿಡಿಸುವ ಸೈರನ್ ಎಂದುಕೊಂಡು ಬಕೆಟ್ಟನ್ನು ಗಾಳಿಯಲ್ಲೇ ಬಿಟ್ಟು ಓಡಿದ. ಎಂಟು ಡಂಪರುಗಳು ಸಾಲಾಗಿ ಬ್ರೇಕ್ ಹಾಕಿದವು. ಮೇಲೆ ತನ್ನ ಪಾಡಿಗೆ ತಾನು ಹಾರುತ್ತಿದ್ದ ಹದ್ದೊಂದು ದಾರಿ ಬದಲಿಸಿತು.

ಎದುರಿಗೆ ಸಲಿಕೆ ಹಿಡಿದು ನಿಂತವನು ಮಾತ್ರ ಓಡಲಿಲ್ಲ. ಅವಳ ಒದ್ದೆಯಾದ ಕಣ್ಣುಗಳನ್ನೇ ನೋಡುತ್ತ, ತನ್ನ ನೀರಿನ ಬಾಟಲಿಯನ್ನು ಮುಂದೆ ಚಾಚಿದ.

ಅವಳು ಮುಚ್ಚಳ ತೆಗೆದು, ಮೂಸಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕುಡಿದಳು.

"ವಿಷ ಇಲ್ಲ ಮೇಡಂ" ಎಂದ ಅವನು.

"ಅದನ್ನ ಹೊಟ್ಟೆ ಹೇಳ್ಬೇಕು. ನೀವು ಹೇಳಿದ್ರೆ ಆಗಲ್ಲ."

ಅವಳನ್ನು ಎಲ್ಲರೂ ಭೂತಗನ್ನಡಿ ಮೇಡಂ ಎನ್ನುತ್ತಿದ್ದರು. ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ಬಿಸ್ಕತ್ತು ಎಣಿಸುವವಳು. ನೋಡಲು ಬಂದ ಗಂಡಿನ ಹತ್ತನೇ ಕ್ಲಾಸಿನ ಅಂಕಪಟ್ಟಿ ಕೇಳಿ, ಅದರ ಸೀಲು ಅಸಲಿಯೋ ಎಂದು ಉಗುರಿನಲ್ಲಿ ಕೆರೆದು ನೋಡಿ, ಅಮ್ಮನ ಮಾನವನ್ನು ಬೀದಿಪಾಲು ಮಾಡಿದವಳು. ಹುಟ್ಟುತ್ತಲೇ ದಾದಿಯನ್ನು ಅನುಮಾನದಿಂದ ನೋಡಿದ್ದಳಂತೆ. ದಾದಿ ಇಂದಿಗೂ ಅದನ್ನು ಮರೆತಿಲ್ಲ.

ಆದರೆ ಅನುಮಾನಕ್ಕೂ ಒಂದು ಬೇರು ಇರುತ್ತದಲ್ಲ. ಅವಳ ಕೆಲಸ ಕಲ್ಲಿದ್ದಲು ತೊಳೆಯುವ ಪ್ಲಾಂಟುಗಳ ಯೋಜನೆ ಮಾಡುವುದು. ಗಣಿಯಿಂದ ಬಂದ ಕಲ್ಲಿದ್ದಲಿನಲ್ಲಿ ಕಲ್ಲು, ಜೇಡಿಮಣ್ಣು ಎಲ್ಲ ಕಲಸಿಕೊಂಡಿರುತ್ತದೆ. ಅದನ್ನು ತೊಳೆದು, ಹಗುರವಾದದ್ದನ್ನು ತೇಲಿಸಿ, ಕಲ್ಲನ್ನು ಮುಳುಗಿಸಿ, ಉಳಿದ ಕೆಸರನ್ನು ಒಂದು ಹೊಂಡಕ್ಕೆ ಬಿಡಬೇಕು. ಅವಳ ಮೊದಲ ಪ್ಲಾಂಟಿನಲ್ಲಿ, ಸ್ಯಾಂಪಲ್ ಕೊಟ್ಟವನೊಬ್ಬ ಹೊಳೆಯುವ ತುಂಡುಗಳನ್ನಷ್ಟೇ ಆರಿಸಿ ಚೀಲ ತುಂಬಿ, ಚೆಂದವಾಗಿ ನಕ್ಕಿದ್ದ. ಅವಳು ಆ ನಗುವನ್ನು ನಂಬಿ ನಕ್ಷೆಯಲ್ಲಿ ಸಣ್ಣ ಹೊಂಡ ಬರೆದಳು. ಒಂದೇ ತಿಂಗಳಲ್ಲಿ ಪ್ಲಾಂಟು ಕೆಸರು ನುಂಗಿ ಗಂಟಲು ಕಟ್ಟಿ ನಿಂತಿತು. ಸಹಿ ಅವಳದ್ದು, ಬೈಗುಳವೂ ಅವಳಿಗೇ. ಇದು ಎರಡನೇ ಪ್ಲಾಂಟು. ಇದೂ ಕೆಟ್ಟರೆ ಮೂರನೆಯದನ್ನು ಯಾರೂ ಕೊಡುವುದಿಲ್ಲ. ವರದಿಗೆ ಸಹಿ ಹಾಕಲು ಸೋಮವಾರ ಕೊನೆಯ ದಿನ.

ಸಲಿಕೆಯವನ ಅಡ್ಡಹೆಸರು ಕಾಲುಪಾಲು. ಹನ್ನೆರಡು ವರ್ಷದಿಂದ ಅವನದು ಒಂದೇ ಕೆಲಸ. ಕಬ್ಬಿಣದ ತಗಡಿನ ಮೇಲೆ ಕಲ್ಲಿದ್ದಲನ್ನು ಗೋಪುರದ ಹಾಗೆ ಸುರಿಯುವುದು, ತಟ್ಟಿ ಚಪ್ಪಟೆ ಮಾಡಿ ನಾಲ್ಕು ಪಾಲು ಮಾಡುವುದು, ಎದುರುಬದುರಿನ ಎರಡನ್ನು ಇಟ್ಟುಕೊಂಡು ಉಳಿದೆರಡನ್ನು ಎಸೆಯುವುದು. ಮತ್ತೆ ಸುರಿ, ಮತ್ತೆ ಪಾಲು ಮಾಡು. ಲಾರಿಯಷ್ಟಿದ್ದದ್ದು ಕೊನೆಗೆ ಎರಡು ಚೀಲಕ್ಕಿಳಿಯುತ್ತದೆ. ಒಂದು ಚೀಲ ಲ್ಯಾಬಿಗೆ. ಇನ್ನೊಂದು, ಮುಂದೆ ತಕರಾರು ಬಂದರೆ ಇರಲಿ ಎಂದು, ಎರಡು ಬೀಗದ ಪೆಟ್ಟಿಗೆಗೆ. ಒಂದು ಕೀಲಿ ಅವಳ ಹತ್ತಿರ, ಇನ್ನೊಂದು ಅವನ ಹತ್ತಿರ.

ಅವನ ಕೈ ಎಷ್ಟು ಖಚಿತವೆಂದರೆ, ನಾಲ್ಕು ಪಾಲನ್ನೂ ತೂಗಿದರೆ ಇರುವೆಯ ಮೀಸೆಯಷ್ಟೂ ವ್ಯತ್ಯಾಸ ಬರುತ್ತಿರಲಿಲ್ಲ. ಬನ್ನನ್ನೂ ನಾಲ್ಕು ಪಾಲು ಮಾಡಿಯೇ ತಿನ್ನುವ ಮನುಷ್ಯ.

"ಎದುರುಬದುರು ಎರಡು ನಿಮಗೆ, ಎರಡು ನನಗೆ" ಎಂದು ಎರಡನೇ ದಿನ ಜಾಮ್ ಬನ್ನನ್ನು ಮುಂದಿಟ್ಟ.

"ಎಲ್ಲಾದ್ರಲ್ಲೂ ಜಾಮ್ ಒಂದೇ ಸಮ ಇದೆಯಾ?"

"ಅನುಮಾನ ಇದ್ರೆ ಬದಲಾಯಿಸ್ಕೊಳ್ಳಿ."

ಅವಳು ಬದಲಾಯಿಸಿಕೊಂಡಳು. ಅವನು ನಕ್ಕ. ಆ ನಗು ನೋಡಿ ಮತ್ತೆ ಬದಲಾಯಿಸಿಕೊಂಡಳು.

ಸಂಜೆ ಪೆಟ್ಟಿಗೆಗೆ ಬೀಗ ಹಾಕುವಾಗ ಇಬ್ಬರೂ ಒಟ್ಟಿಗೇ ಬಗ್ಗಬೇಕು. ಅವನ ತೋಳಿಗೆ ಅವಳ ದುಪಟ್ಟಾದ ಅಂಚು ತಾಗುತ್ತಿತ್ತು. ಅವನ ಬೆರಳಿನ ಸಂದುಗಳಲ್ಲಿ ಕಪ್ಪು, ಉಗುರುಗಳು ಮಾತ್ರ ಉಜ್ಜಿ ತೊಳೆದ ಹಾಗೆ ಬೆಳ್ಳಗೆ. ಗಣಿ ಕೆಲಸದವನಿಗೆ ಇಷ್ಟು ಬೆಳ್ಳನೆಯ ಉಗುರು ಯಾಕೆ ಎಂದು ಅವಳಿಗೆ ಅದೂ ಅನುಮಾನ.

"ಕೀಲಿ ನೋಡ್ತಿದ್ದೀರೋ, ಕೈ ನೋಡ್ತಿದ್ದೀರೋ?"

"ಎರಡೂನೂ. ಕಳ್ಳತನಕ್ಕೆ ಎರಡೂ ಬೇಕು."

"ಮೇಡಂ, ಎಲ್ಲರ ಮೇಲೂ ಹೀಗೇನಾ, ಇಲ್ಲ ನನ್ನ ಮೇಲೆ ಸ್ವಲ್ಪ ಜಾಸ್ತಿನಾ?"

ಅವಳು ತನ್ನ ಬೀಗವನ್ನು ಎರಡು ಸಲ ಎಳೆದು ನೋಡಿ ಹೊರಟಳು. ಕೋಣೆಗೆ ಹೋಗಿ ಅಮ್ಮನಿಗೆ ಫೋನ್ ಮಾಡಿ, "ನನ್ನ ಶ್ವಾಸಕೋಶ ಉಕ್ಕಿನದಮ್ಮಾ! ಮೊದಲನೇ ದಿನ ಕೆಮ್ಮಿದ್ದಷ್ಟೇ, ಆಮೇಲೆ ಧೂಳು ಹತ್ತಿರಾನೂ ಸುಳಿದಿಲ್ಲ" ಎಂದು ಜಂಬ ಕೊಚ್ಚಿದಳು.

"ಅಲ್ಲಿ ಯಾರಾದ್ರೂ ಒಳ್ಳೆ ಹುಡುಗ ಇದ್ದಾನಾ?" ಎಂದಳು ಅಮ್ಮ.

"ಒಳ್ಳೆಯವನ ಹಾಗೆ ಕಾಣೋನೊಬ್ಬ ಇದ್ದಾನೆ. ಅದೇ ಭಯ."

ಎಂಟನೇ ದಿನ ಲ್ಯಾಬಿನ ಹಾಳೆ ಕೈಗೆ ಬಂತು. ಕಲ್ಲಿದ್ದಲು ಸುಟ್ಟ ಮೇಲೆ ಉಳಿಯುವ ಬೂದಿಯೇ ಅದರ ಜಾತಕ. ಕಲ್ಲು ಮಣ್ಣು ಹೆಚ್ಚಿದ್ದಷ್ಟೂ ಬೂದಿ ಹೆಚ್ಚು. ಮೊದಲ ದಿನದ ಸ್ಯಾಂಪಲ್ಲಿನಲ್ಲಿ ನೂರಕ್ಕೆ ಮೂವತ್ತೆಂಟು. ಎರಡನೇ ದಿನದಿಂದ ಮೂವತ್ತಮೂರು, ಮೂವತ್ತಮೂರು, ಮತ್ತೆ ಮೂವತ್ತಮೂರು.

ಗಣಿ ಅದೇ, ಪದರ ಅದೇ. ರಾತ್ರೋರಾತ್ರಿ ಕಲ್ಲಿದ್ದಲು ಸ್ನಾನ ಮಾಡಿಕೊಂಡು ಬಂತೇ?

ಅವಳ ಎದೆಯೊಳಗೆ ಏನೋ ಮುಳುಗಿತು. ಕಲ್ಲೇ ಇರಬೇಕು, ಅಷ್ಟು ಭಾರವಾಗಿತ್ತು. ಆ ನಗು, ಆ ಬನ್ನು, ಎಲ್ಲ ಮತ್ತೆ ಅದೇ ನಾಟಕ! ಸಾಲದ್ದಕ್ಕೆ ಲ್ಯಾಬು ನಡೆಸುವವಳು ಅವನ ಸ್ವಂತ ಅಕ್ಕ. ಅಕ್ಕ ತಮ್ಮ ಸೇರಿ ಚೀಲ ಬದಲಾಯಿಸುತ್ತಿದ್ದಾರೆ ಎಂದು ಮ್ಯಾನೇಜರಿಗೆ ಎರಡು ಪುಟದ ದೂರು ಬರೆದು, ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡಳು. ಕೊಡುವ ಮೊದಲು ಸಾಕ್ಷಿ ಬೇಕಲ್ಲ.

"ಪೆಟ್ಟಿಗೆ ತೆಗೀರಿ" ಎಂದಳು ಅವನ ಮುಂದೆ ನಿಂತು.

"ತಕರಾರಾ?"

"ತಕರಾರೇ."

ಅವನ ಮುಖ ಬಾಡಿತು. ಕೀಲಿ ತೆಗೆದ. ಎರಡು ಬೀಗವೂ ಬಿಚ್ಚಿದವು. ಒಳಗಿನ ಚೀಲಗಳ ಮೇಲೆ ಅವಳದೇ ಸಹಿ, ಅವಳದೇ ಅರಗಿನ ಮುದ್ರೆ, ಕೂದಲಷ್ಟೂ ಅಲುಗಿರಲಿಲ್ಲ. ಮೂರನೇ ದಿನದ ಚೀಲವನ್ನು ಎತ್ತಿಕೊಂಡು ಲ್ಯಾಬಿಗೆ ಹೋಗಿ, ಮಾರನೇ ದಿನ ಸಂಜೆಯವರೆಗೂ ಅಕ್ಕನ ಬೆನ್ನಿಗೆ ಅಂಟಿಕೊಂಡು ಕಣ್ಣು ಮಿಟುಕಿಸದೆ ನಿಂತಳು.

ಬೂದಿ ಮೂವತ್ತಮೂರು.

"ನೋಡಮ್ಮ" ಎಂದಳು ಅಕ್ಕ, ಕೈಗವಸು ಕಳಚುತ್ತ. "ನನ್ನ ತಮ್ಮ ಮೂರನೇ ಕ್ಲಾಸಲ್ಲಿ ಒಂದು ಪೆನ್ಸಿಲ್ ಕದ್ದು, ಮಾರನೇ ದಿನ ತಾನೇ ಅತ್ಕೊಂಡು ವಾಪಸ್ ಕೊಟ್ಟು ಬಂದೋನು. ಅವನ ಕಳ್ಳತನದ ಇತಿಹಾಸ ಅಷ್ಟೇ. ಬೂದಿ ಕಾಲಂ ನೋಡಿ ನೋಡಿ ಕಣ್ಣು ಕೆಡಿಸ್ಕೊಂಡಿದ್ದೀರ. ಪಕ್ಕದ ಕಾಲಂ ನೋಡಿದ್ರಾ?"

ಪಕ್ಕದ್ದು ತೇವಾಂಶದ ಕಾಲಂ. ಮೊದಲ ದಿನ ಆರು. ಎರಡನೇ ದಿನದಿಂದ ಹನ್ನೊಂದು.

"ಮೂರು ತಿಂಗಳಿಂದ ಒಂದು ಹನಿ ಮಳೆ ಇಲ್ಲ" ಎಂದಳು ಅಕ್ಕ, ಕಿಟಕಿಯಾಚೆ ನೋಡುತ್ತ. "ಇನ್ನೊಂದು ವಿಷಯ. ನನ್ನ ಗುಲಾಬಿ ಗಿಡಕ್ಕೆ ನೀರು ಹಾಕೋ ಕ್ಯಾನು ಕಾಣ್ತಿಲ್ಲ. ಎಷ್ಟು ದಿನದಿಂದ ಅಂತ ಕೇಳಿ."

"ಎಷ್ಟು ದಿನದಿಂದ?"

"ನೀವು ಬಂದ ಮಾರನೇ ದಿನದಿಂದ."

ಹತ್ತನೇ ದಿನ ಬೆಳಿಗ್ಗೆ, ಎಂಟು ಗಂಟೆಯ ಕೆಲಸಕ್ಕೆ ಅವಳು ಆರೂವರೆಗೇ ಹೋಗಿ ಡಂಪರಿನ ಒಂದು ಹಳೆಯ ಟೈರಿನ ಹಿಂದೆ ಕುಳಿತಳು. ಆ ಟೈರು ಎರಡು ಅಂತಸ್ತಿನ ಮನೆಯಷ್ಟಿತ್ತು. ಕಿಟಕಿಯೊಂದಿದ್ದರೆ ಬಾಡಿಗೆಗೆ ಕೊಡಬಹುದಿತ್ತು. ಏಳಕ್ಕೆ ಅವನು ಬಂದ. ಕೈಯಲ್ಲಿ ಹಸಿರು ಕ್ಯಾನು.

ಕಲ್ಲಿದ್ದಲಿನ ಕಪ್ಪು ಗೋಪುರಕ್ಕೆ ಅವನು ನೀರು ಚಿಮುಕಿಸತೊಡಗಿದ. ತುದಿಯಿಂದ ಬುಡಕ್ಕೆ, ಸುತ್ತಲೂ, ಒಂದು ಮಗ್ಗುಲನ್ನೂ ಬಿಡದೆ, ಮೊಗ್ಗು ಬಿಟ್ಟ ಗಿಡಕ್ಕೆ ಹಾಕುವ ಹಾಗೆ. ಆಮೇಲೆ ಅವಳು ಕೂರುವ ಸ್ಟೂಲನ್ನು ತನ್ನ ಕರ್ಚೀಫಿನಲ್ಲಿ ಒರೆಸಿದ. ಒಮ್ಮೆ ಒರೆಸಿ, ದೂರ ನಿಂತು ನೋಡಿ, ಮತ್ತೆ ಒರೆಸಿದ.

"ಸಿಕ್ಕಿಬಿದ್ರಿ!"

ಕ್ಯಾನು ನೆಲಕ್ಕೆ ಬಿತ್ತು.

"ಏನ್ರೀ ಇದು?"

"ನೀ... ನೀರು."

"ನೀರು ಅಂತ ನನಗೂ ಗೊತ್ತು. ಯಾರು ಹೇಳಿ ಮಾಡಿಸಿದ್ದು? ಮ್ಯಾನೇಜರಾ? ನಿಮ್ಮಕ್ಕನಾ?"

"ಯಾರೂ ಇಲ್ಲ. ನೀವೇ..."

"ನಾನಾ?"

"ನೀವು ಕೆಮ್ಮಿದ್ರಿ, ಮೇಡಂ."

ಧೂಳು ಹತ್ತಿರ ಸುಳಿಯದಿದ್ದದ್ದು ಈ ಕ್ಯಾನಿನ ದಯೆಯಿಂದ. ಅವಳ ಉಕ್ಕಿನ ಶ್ವಾಸಕೋಶ! ಆದರೂ ಅನುಮಾನ ಅಷ್ಟು ಸುಲಭಕ್ಕೆ ಜಾಗ ಬಿಡುತ್ತದೆಯೇ? "ಈಗಲೇ ಪಾಲು ಮಾಡಿ, ಹತ್ತಿರದಿಂದ ನೋಡ್ತೀನಿ" ಎಂದಳು.

ಅವನು ಮಾಡಿದ. ಚೀಲ ಕಟ್ಟಿದ. ಅಭ್ಯಾಸದಂತೆ ತಗಡು ತೊಳೆಯಲು ಪೈಪು ಎತ್ತಿದ.

"ನಿಲ್ಲಿಸಿ!"

ಅವಳು ಮಂಡಿಯೂರಿ, ಉಕ್ಕಿನ ಸ್ಕೇಲಿನಿಂದ ತಗಡನ್ನು ಕೆರೆದಳು. ಬೂದುಬಣ್ಣದ ಕೆಸರು ಬೆಣ್ಣೆಯಂತೆ ಸುರುಳಿ ಸುರುಳಿಯಾಗಿ ಎದ್ದುಬಂತು. ಸ್ಕೇಲನ್ನು ಅವನ ಮುಖದ ಮುಂದೆ ಹಿಡಿದಳು. ಅವನಿಗೆ ವಿವರಿಸಬೇಕಾಗಿರಲಿಲ್ಲ. ಹನ್ನೆರಡು ವರ್ಷದ ಕಸುಬು ಒಂದೇ ಕ್ಷಣದಲ್ಲಿ ಅವನ ಮುಖದಿಂದ ಇಳಿದುಹೋಯಿತು.

"ಜೇಡಿ" ಎಂದ ಮೆಲ್ಲಗೆ. "ಒಣಗಿದ್ದಿದ್ರೆ ಧೂಳಾಗಿ ಚೀಲದೊಳಗೆ ಹೋಗ್ತಿತ್ತು."

"ಒದ್ದೆಯಾಗಿ ತಗಡಿಗೆ ಅಂಟಿದೆ. ದಿನಾ ಅದನ್ನ ತೊಳೆದು ಚರಂಡಿಗೆ ಬಿಟ್ಟಿದ್ದೀರ. ನಾನು ಹುಡುಕ್ತಿದ್ದ, ನೂರಕ್ಕೆ ಐದು ಕಮ್ಮಿ ಬಂದ ಬೂದಿ ಇದೇರೀ! ಇದನ್ನ ನಂಬಿ ಹೊಂಡ ಬರೆದಿದ್ರೆ ಅರ್ಧಕ್ಕರ್ಧ ಸಣ್ಣದಾಗ್ತಿತ್ತು. ನನ್ನ ಎರಡನೇ ಪ್ಲಾಂಟೂ..." ಅವಳು ಸ್ಕೇಲನ್ನು ತಗಡಿನ ಮೇಲೆ ಕುಕ್ಕಿದಳು.

ಅವನು ತಗಡಿನ ಅಂಚಿನ ಮೇಲೆ ಕುಳಿತ.

"ಈ ತಪ್ಪನ್ನ ಹೊಸಬರ್ಯಾರಾದ್ರೂ ಮಾಡಿದ್ರೆ ನಾನೇ ಸಲಿಕೆ ಕಿತ್ಕೊಂಡು ಮನೆಗೆ ಕಳಿಸ್ತಿದ್ದೆ."

"ಮತ್ತೆ ನಿಮಗೆ ಹೇಗೆ ಗೊತ್ತಾಗ್ಲಿಲ್ಲ?"

"ನಾನು ರಾಶಿ ನೋಡ್ತಾನೇ ಇರ್ಲಿಲ್ಲ."

"ಮತ್ತೇನು ನೋಡ್ತಿದ್ರಿ?"

ಅವನು ಸಲಿಕೆಯ ಹಿಡಿಯನ್ನು ಒರೆಸತೊಡಗಿದ. ಆದರೆ ಅವನ ಕಿವಿ ಕೆಂಪಾದದ್ದು ಹನ್ನೆರಡು ವರ್ಷದ ಕಪ್ಪನ್ನು ಸೀಳಿಕೊಂಡು ಹೊರಗೆ ಕಂಡಿತು. ಆ ಕೆಂಪಿಗೆ ಗಣಿಯ ಆಚೆ ದಡದಲ್ಲಿ ಬರುತ್ತಿದ್ದ ಡಂಪರೊಂದು ಸಿಗ್ನಲ್ ಬಿತ್ತೆಂದು ನಿಂತಿದ್ದರೂ ಆಶ್ಚರ್ಯವಿಲ್ಲ.

ಅವಳು ಬ್ಯಾಗಿನಿಂದ ಆ ಎರಡು ಪುಟಗಳನ್ನು ತೆಗೆದಳು. ಅವನು ಮೇಲಿನ ಸಾಲು ಓದಿ, ಎದ್ದು ನಿಂತ.

"ಕೊಡಿ ಇದನ್ನ, ಮ್ಯಾನೇಜರಿಗೆ. ತಪ್ಪು ತಪ್ಪೇ."

"ಇದರಲ್ಲಿ ಕಳ್ಳ ಅಂತ ಬರೆದಿದ್ದೀನಿ. ನೀವು ಕಳ್ಳ ಅಲ್ಲ." ಅವಳು ಕಾಗದವನ್ನು ಹರಿದಳು. ಎರಡು ಸಲ. ಸರಿಯಾಗಿ ನಾಲ್ಕು ಪಾಲು. "ಬರೀ ದಡ್ಡ."

ಅವನು ಕೇಳಲಿಲ್ಲ. ಆಫೀಸಿಗೆ ಹೋಗಿ, ಸ್ಯಾಂಪಲ್ ರದ್ದು ಮಾಡುವ ಫಾರ್ಮ್ ತೆಗೆದು, ಎರಡರಿಂದ ಹತ್ತರವರೆಗಿನ ಒಂಬತ್ತನ್ನೂ ತಾನೇ ರದ್ದು ಮಾಡಿ, 'ತಪ್ಪು ಯಾರದು' ಎಂಬಲ್ಲಿ ತನ್ನ ಹೆಸರು ಬರೆದ. ಅವಳು ಆ ಫಾರ್ಮನ್ನೂ ಅನುಮಾನದಿಂದಲೇ ಕಸಿದುಕೊಂಡು ಓದಿದಳು. ಕೆಳಗಿನ ಸಾಲಿಗೆ ಬಂದಾಗ ಅವಳ ಕಣ್ಣು ನಿಂತಿತು.

ಕಾರಣ: ಕೆಮ್ಮು.

ಅದನ್ನು ಮೂರು ಸಲ ಓದಿದಳು. ಎಲ್ಲೂ ಸುಳ್ಳು ಸಿಗಲಿಲ್ಲ. ಕೆಳಗೆ ಸಹಿ ಹಾಕಿದಳು.

ಮ್ಯಾನೇಜರು ಆ ಫಾರ್ಮನ್ನು ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಓದಿದರು, ಅವಳ ಮುಖ ನೋಡಿದರು, ಅವನ ಕಿವಿ ನೋಡಿದರು. ಅವನಿಗೆ ಒಂದು ಖಾರವಾದ ಮೆಮೊ, ವರದಿಗೆ ಇನ್ನು ಹತ್ತು ದಿನದ ಗಡುವು ಕೊಟ್ಟರು. "ಈ ಸಲ ಒಣಗಿದ್ದು" ಎಂದಷ್ಟೇ ಹೇಳಿ ಬಾಗಿಲ ಕಡೆ ಕೈ ತೋರಿಸಿದರು.

ಮಾರನೇ ಬೆಳಿಗ್ಗೆ ಹೊಸ ರಾಶಿ ಬಿತ್ತು. ಒಣ ರಾಶಿ. ಧೂಳು ಎದ್ದಿತು ನೋಡಿ, ಸೂರ್ಯ ಅವತ್ತು ರಜೆ ಹಾಕಿದನೇನೋ ಅನ್ನಿಸುವಷ್ಟು. ಅವಳು ಮೂಗಿಗೆ ದುಪಟ್ಟಾ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಎರಡು ನಿಮಿಷ ತಡೆದಳು, ಮೂರನೆಯದಕ್ಕೆ ಕೆಮ್ಮು ಬಂದೇಬಿಟ್ಟಿತು.

ಅವನ ಕೈ ತಾನಾಗಿಯೇ ಹಸಿರು ಕ್ಯಾನಿನ ಕಡೆ ಹೋಯಿತು.

ಅವಳು ಒಂದೇ ನೆಗೆತಕ್ಕೆ ಬಂದು ಆ ಕೈಯನ್ನು ಹಿಡಿದಳು.

"ಇಲ್ಲ ಇಲ್ಲ, ಹಾಕಲ್ಲ ಮೇಡಂ. ಅಭ್ಯಾಸ ಬಲ. ಕೈ ಬಿಡಿ."

"ಬಿಡಲ್ಲ. ಬಿಟ್ರೆ ಹಾಕ್ತೀರ." ಕೆಮ್ಮಿನಿಂದ ಅವಳ ಕಣ್ಣಲ್ಲಿ ನೀರು, ಅದರ ಹಿಂದೆ ನಗು. "ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲ."

"ಪಾಲು ಮಾಡೋಕೆ ಎರಡು ಕೈ ಬೇಕಲ್ಲ?"

"ನಿಮ್ಮದೊಂದು, ನನ್ನದೊಂದು. ಲೆಕ್ಕ ಸರಿಹೋಯ್ತು."

ಅವರಿಬ್ಬರೂ ಒಂದೇ ಸಲಿಕೆ ಹಿಡಿದು ಆ ರಾಶಿಯನ್ನು ಪಾಲು ಮಾಡಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ನಾಲ್ಕು ಪಾಲು ಸೊಟ್ಟಗಾದವು. ಕೆಡವಿ, ಮತ್ತೆ ಗೋಪುರ ಮಾಡಿ, ಮತ್ತೆ ಪಾಲು ಮಾಡಬೇಕಾಯಿತು. ಇಬ್ಬರಿಗೂ ಬೇಸರವೇನೂ ಆದಂತೆ ಕಾಣಲಿಲ್ಲ.

"ಎಲ್ಲಿವರೆಗೆ ಹೀಗೆ ಹಿಡ್ಕೊಂಡಿರ್ತೀರಿ?" ಎಂದು ಕೇಳಿದ ಅವನು, ಧೂಳಿನೊಳಗಿಂದ.

"ಹತ್ತು ದಿನ."

"ಆಮೇಲೆ?"

"ಪ್ಲಾಂಟು ಕಟ್ಟಿ ಮುಗಿಯೋವರೆಗೆ."

"ಆಮೇಲೆ?"

ಅವಳು ಅವನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಒಂದು ಕೂದಲನ್ನೂ ಬಿಡದೆ ಪರೀಕ್ಷಿಸಿ ನೋಡಿದಳು.

"ಆಮೇಲೂ ನಂಬಿಕೆ ಬರೋ ಹಾಗೆ ಕಾಣಲ್ಲ" ಎಂದು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದಳು.