ಉಗುರುಬೀಗ ಕಾಣೆಯಾದ ಸಂಜೆ

ಬೀಗಗಳ ಸಂಗ್ರಹಾಲಯದಲ್ಲೇ ಕಳವಾಗಿದೆ ಎಂದು ಕೇಳಿದಾಗ ನನಗೆ ನಗು ಬಂತು. ಬರಬಾರದಿತ್ತು. ಸುದ್ದಿ ತಂದವಳು ನಮ್ಮ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಕೆ ಅಲ್ಲಿನ ಗ್ಯಾಲರಿ ನೋಡಿಕೊಳ್ಳುವವಳು. ಊರಿನ ಮಕ್ಕಳೆಲ್ಲ ಬೀಗದಕ್ಕ ಎನ್ನುತ್ತಿದ್ದರು, ನಮ್ಮ ಬಾಯಲ್ಲೂ ಅದೇ ಹೆಸರು ನಿಂತಿತ್ತು. ಹಿಂದಿನ ಸಂಜೆ ಉಗುರುಬೀಗ ಮಾಯವಾಗಿತ್ತು. ಕಿರುಬೆರಳ ಉಗುರಿನಷ್ಟೇ ಇದ್ದರೂ ನಿಜವಾಗಿ ಹಾಕಿ ತೆಗೆಯಬಹುದಾದ ಹಿತ್ತಾಳೆ ಬೀಗ ಅದು. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಅದರ ಗಾಜಿನ ಪೆಟ್ಟಿಗೆಯ ಕೀಲಿ ಬೀಗದಕ್ಕನ ಮೇಜಿನ ಹಿಂದೆ ಮೊಳೆಗೆ ತೂಗುತ್ತಿರುತ್ತದೆಂದು ಅಲ್ಲಿನ ಆಡಳಿತ ಸಮಿತಿಯವರಿಗೆಲ್ಲ ಗೊತ್ತಿತ್ತು. ಆ ಹೊತ್ತಿನಲ್ಲಿ ಉಳಿದವರೆಲ್ಲ ಸಭಾಂಗಣದಲ್ಲಿ ನಿರ್ದೇಶಕರ ಭಾಷಣ ಕೇಳುತ್ತಿದ್ದರು. ಹೊರಗೆ ಇದ್ದವಳು ಇವಳೊಬ್ಬಳೇ.

"ಸಂಗ್ರಹಾಲಯ ಇರಬೇಕೋ ಬೇಡವೋ ಅಂತ ಓಟು ಹಾಕೋಕೆ ಇವತ್ತು ಸಮಿತಿ ಸೇರುತ್ತೆ ಮೇಡಂ. ನನ್ನನ್ನ ತೆಗೆದುಹಾಕ್ತಾರೆ. ಸಂಗ್ರಹಾಲಯ ಮುಚ್ಚೋದಕ್ಕೂ ಇದೇ ನೆಪ ಆಗುತ್ತೆ," ಎಂದು ಬೀಗದಕ್ಕ ನಮ್ಮ ಅತ್ತಿಗೆಯ ಮುಂದೆ ತೋಡಿಕೊಂಡಳು. "ಮುಚ್ಚಬೇಡಿ ಅಂತ ನಮ್ಮ ಸಾರ್ ಅಷ್ಟು ಗೋಗರೆದ್ರು, ಗಂಟಲೇ ಕಟ್ಟಿಹೋಯ್ತು. ಅಂಥವರೇ ಆಮೇಲೆ ನನ್ನ ಕೈಯಿಂದ ಕೀಲಿಗೊಂಚಲು ಕಿತ್ಕೊಂಡ್ರು."

ಭಾಷಣದ ಹೊತ್ತಿಗೆ ಮೇಜು ಬಿಟ್ಟು ಎದ್ದಿದ್ದೆಯಾ ಎಂದು ಅತ್ತಿಗೆ ಕೇಳಿದರು. ಕದಲಲೇ ಇಲ್ಲ ಎಂದು ಅವಳು ನೆಲ ನೋಡುತ್ತ ಉತ್ತರಿಸಿದಳು. ಅತ್ತಿಗೆ ಮತ್ತೆ ಕೆದಕಲಿಲ್ಲ, ಚಪ್ಪಲಿ ಮೆಟ್ಟಿಕೊಂಡರು.

ಅತ್ತಿಗೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವರು ನನ್ನ ಅಣ್ಣನ ಹೆಂಡತಿ, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಜಾಹೀರಾತು, ಭಾಷಣ, ಸಂಪಾದಕೀಯಗಳು ನಮ್ಮನ್ನು ಹೇಗೆ ಒಲಿಸಿಕೊಳ್ಳುತ್ತವೆ ಎಂದು ಬಿಡಿಸಿ ಬರೆಯುವುದನ್ನು ಕಲಿಸುತ್ತಿದ್ದರು. 'ಲೇಖಕರು ಹೇಳುತ್ತಾರೆ' ಎಂದು ಬರೆದ ಹುಡುಗರ ಕತೆ ಮುಗಿಯಿತು. ಹೇಳುವುದನ್ನು ಗಿಳಿಯೂ ಹೇಳುತ್ತದೆ, ಹೇಳಿ ಏನು ಮಾಡಿದರು ಅದನ್ನು ಬರೆ ಎಂದು ಕೆಂಪು ಶಾಯಿ ಸುರಿಯುತ್ತಿದ್ದರು. ನಾನು ಹಲ್ಲಿನ ಡಾಕ್ಟರು. ಜನರ ಬಾಯಿ ತೆಗೆಸುವುದು ನನ್ನ ಕೆಲಸ, ಆ ಬಾಯಿಂದ ಬಂದದ್ದನ್ನು ಪರೀಕ್ಷಿಸುವುದು ಅವರದು. ಅವರು ಬಿಡಿಸಿದ ಒಗಟುಗಳನ್ನು ಬರೆದಿಡುವುದು ಮಾತ್ರ ನನ್ನ ಪಾಲಿಗೆ ಬಂದಿದೆ.

ದಾರಿಯಲ್ಲಿ ಅವರು ನನ್ನನ್ನೇ ಹಿಡಿದರು. ಅವರಿಗೆ ನೆಗಡಿಯಾಗಿ ಭಾಷಣಕ್ಕೆ ನಾನೊಬ್ಬನೇ ಹೋಗಿದ್ದೆ.

"ನಿರ್ದೇಶಕರು ಏನು ಮಾಡಿದ್ರು?"

"ಮುಚ್ಚಬಾರದು ಅಂತ ಹೇಳಿದ್ರು."

ಅತ್ತಿಗೆ ರಸ್ತೆಯಲ್ಲೇ ನಿಂತು ನನ್ನನ್ನು ದುರುಗುಟ್ಟಿ ನೋಡಿದರು. ನಾನು ತಡಬಡಾಯಿಸಿ ಎಲ್ಲವನ್ನೂ ವಿವರಿಸಿದೆ. ಅಚ್ಚು ಹಾಕಿಸಿದ ಭಾಷಣವನ್ನು ಪ್ರತಿ ಕುರ್ಚಿಯ ಮೇಲೂ ಮೊದಲೇ ಇಟ್ಟಿದ್ದರು. ಓದಿದರೆ ಬೆಂಕಿ. 'ಮುಚ್ಚಿ. ನಿಮ್ಮ ಕೈಯಾರೆ ಬೀಗ ಜಡಿಯಿರಿ. ಆಮೇಲೆ ಮಕ್ಕಳಿಗೆ ಉತ್ತರ ಕೊಡಿ' ಎಂದೆಲ್ಲ ಇತ್ತು. ಆದರೆ ಆರಂಭದಲ್ಲೇ ಪರದೆಯ ಮೇಲೆ ಸಂಗ್ರಹಾಲಯ ಕಟ್ಟಿದ ಅವರ ಅಪ್ಪನ ಚಿತ್ರ ಮೂಡಿತು. ನಿರ್ದೇಶಕರು ಕನ್ನಡಕ ತೆಗೆದರು, ಬಹಳ ಹೊತ್ತು ಸುಮ್ಮನೆ ನಿಂತರು. ಅಲ್ಲಿಂದ ಮುಂದೆ ಅವೇ ಮಾತುಗಳು ಭಿಕ್ಷೆ ಬೇಡುವ ದನಿಯಲ್ಲಿ ಬಂದವು. ಚಿತ್ರ ತೋರಿಸಲು ದೀಪ ಆರಿಸಿದ್ದರಿಂದ ಹಿಂದಿನ ಸಾಲಿನಲ್ಲಿ ಯಾರಿದ್ದರು, ಯಾರು ಎದ್ದು ಹೋದರು ಎಂಬುದು ದೇವರಿಗೇ ಗೊತ್ತು.

"ಈಗ ಹೇಳು, ಏನು ಮಾಡಿದ್ರು?"

"ಅಂಗಲಾಚಿದ್ರು," ಎಂದೆ.

"ಮೊದಲೇ ಹಾಗನ್ನೋಕೆ ಏನಾಗಿತ್ತು?" ಎಂದು ಅತ್ತಿಗೆ ಸೀನಿದರು.

ಸಂಗ್ರಹಾಲಯದಲ್ಲಿ ನಿರ್ದೇಶಕರು ಸೋತ ಮುಖ ಹೊತ್ತು ಓಡಾಡುತ್ತಿದ್ದರು. ರಾತ್ರಿ ಹೊರಬಾಗಿಲಲ್ಲಿ ಕಾರಣ ಹೇಳದೆ ನನ್ನದೂ ಸೇರಿ ಎಲ್ಲರ ಚೀಲ, ಜೇಬು ತಪಾಸಣೆ ಮಾಡಿದರೂ ಏನೂ ಸಿಕ್ಕಿರಲಿಲ್ಲ. ಸಮಿತಿಯವರಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆವು ಎಂದವರು ಇಬ್ಬರು. ಒಬ್ಬರು ಬೀಗ ರಿಪೇರಿಯ ಮುದುಕರು, ಎಲ್ಲರಿಗೂ ರಿಪೇರಿ ಮಾವ. ಉಗುರುಬೀಗವನ್ನು ಒಮ್ಮೆ ಬಿಚ್ಚಿ ನೋಡಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು, ಅದನ್ನವರು ಮುಚ್ಚಿಟ್ಟವರೂ ಅಲ್ಲ. ಇನ್ನೊಬ್ಬರು ಖಜಾಂಚಿ. ಈ ಹಳೇ ಕಬ್ಬಿಣದ ಅಂಗಡಿ ಮುಚ್ಚಿ ಕಟ್ಟಡವನ್ನು ಬೇರೆಯದಕ್ಕೆ ಬಳಸೋಣ ಎಂದು ಪಟ್ಟು ಹಿಡಿದವರು. ಅವರು ಗ್ಯಾಲರಿಯಲ್ಲಿ ಕೋಟೆಬಾಗಿಲಿನ ದೈತ್ಯ ಬೀಗಕ್ಕೆ ಒರಗಿ ನಿಂತಿದ್ದವರು ನಮಸ್ಕಾರ ಮಾಡುವಾಗಲೂ ಅಲ್ಲಿಂದ ಕದಲಲಿಲ್ಲ.

ಕಳವಿನ ಸುದ್ದಿ ಎತ್ತದೆ ಅತ್ತಿಗೆ ಇಬ್ಬರಿಗೂ ಭಾಷಣದ ಬಗ್ಗೆಯೇ ಕೇಳಿದರು. ರಿಪೇರಿ ಮಾವ ತಲೆ ಅಲ್ಲಾಡಿಸಿದರು. "ಬೇಡ್ಕೊಂಡ್ರು ತಾಯಿ. ಕಾಲು ಹಿಡಿಯೋದೊಂದು ಬಾಕಿ. ನೋಡೋಕಾಗ್ಲಿಲ್ಲ."

ಖಜಾಂಚಿ ಮೂಗು ಮುರಿದರು. "ಸವಾಲು ಹಾಕಿದ್ರು ಮೇಡಂ. ಧೈರ್ಯ ಇದ್ರೆ ಮುಚ್ಚಿ ಅಂತ ನಮ್ಮನ್ನ ಕೆಣಕಿದ್ರು. ಹೀಗೆ ಗದರಿಸಿದ್ರೆ ಯಾರು ಓಟು ಹಾಕ್ತಾರೆ?"

ಆಮೇಲೆ ಅತ್ತಿಗೆ ಬೀಗದಕ್ಕನ ಮೇಜಿನ ಬಳಿ ತಾವು ಕೂತು, ಸಭಾಂಗಣಕ್ಕೆ ಹೋಗಿ ಆ ಭಾಷಣವನ್ನು ಗಂಟಲು ಹರಿಯುವಂತೆ ಓದು ಎಂದು ನನ್ನನ್ನು ಅಟ್ಟಿದರು. ಖಾಲಿ ಕುರ್ಚಿಗಳ ಮುಂದೆ ಅರಚಿ ಬೆವರಿಳಿಸಿಕೊಂಡು ಬಂದರೆ, ಒಂದಕ್ಷರವೂ ಕೇಳಿಸಲಿಲ್ಲ ಎಂದು ಸಂತೋಷಪಟ್ಟರು.

ಸಮಿತಿ ಗ್ಯಾಲರಿಯಲ್ಲೇ ಸೇರಿತು. ಬೀಗದಕ್ಕ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು.

ಅತ್ತಿಗೆ ಎದ್ದು ನಿಂತರು. ಕಾಗದದ ಮೇಲಿನ ಭಾಷಣ ಸವಾಲು ಹಾಕುತ್ತದೆ, ಕೆಣಕುತ್ತದೆ, ಗದರಿಸುತ್ತದೆ. ಆದರೆ ಸಭಾಂಗಣದಲ್ಲಿ ಕೇಳಿದವರು ಯಾರೂ ಆ ಕ್ರಿಯಾಪದಗಳನ್ನು ಬಳಸುತ್ತಿಲ್ಲ ಎಂದರು. ನಾನು ಅಂಗಲಾಚಿದರು ಎಂದೆ, ರಿಪೇರಿ ಮಾವ ಬೇಡಿಕೊಂಡರು ಎಂದರು. ಖಜಾಂಚಿ ಮಾತ್ರ ಕಾಗದದಲ್ಲಿದ್ದುದನ್ನು ವರ್ಣಿಸಿದರು.

ಖಜಾಂಚಿ ನಕ್ಕರು. "ನನ್ನ ಕಿವಿಗೆ ಹಾಗೆ ಕೇಳ್ತು. ಅದೂ ಅಪರಾಧನಾ?"

"ಖಂಡಿತ ಅಲ್ಲ. ಒಬ್ಬರಿಗೆ ಮನವಿ ಅನ್ನಿಸಿದ್ದು ಇನ್ನೊಬ್ಬರಿಗೆ ಒತ್ತಾಯ ಅನ್ನಿಸಬಹುದು," ಎಂದರು ಅತ್ತಿಗೆ. "ಹಾಗಾದ್ರೆ ಕಿವಿ ಬೇಡ, ಕಣ್ಣಿಂದ ಕಂಡದ್ದು ಹೇಳಿ. ಭಾಷಣ ನಡುವೆ ಎಲ್ಲಿ ನಿಂತಿತು?"

ಖಜಾಂಚಿ ಒಂದು ಕ್ಷಣ ಯೋಚಿಸಿದರು. "ಎಲ್ಲೂ ನಿಲ್ಲಲಿಲ್ಲ. ಒಂದೇ ಸಮ ಓದಿದ್ರು."

ನಿರ್ದೇಶಕರು ತಲೆ ತಗ್ಗಿಸಿದರು. ಆಗ ಬಾಗಿಲ ಕಡೆಯಿಂದ ದನಿ ಬಂತು.

"ಅಪ್ಪಾಜಿಯವರ ಚಿತ್ರ ಬಂದಾಗ ನಿಂತಿತು. ಸಾರ್ ಕನ್ನಡಕ ತೆಗೆದ್ರು," ಎಂದಳು ಬೀಗದಕ್ಕ. "ನಾನು ಸುಳ್ಳು ಹೇಳ್ದೆ ಮೇಡಂ. ಭಾಷಣ ಏನಾಗ್ತಿದೆಯೋ ಅಂತ ಜೀವ ತಡೀಲಿಲ್ಲ. ಮೇಜು ಬಿಟ್ಟು ಹೋಗಿ ಸಭಾಂಗಣದ ವೇದಿಕೆ ಪಕ್ಕದ ಬಾಗಿಲಲ್ಲಿ, ಬಾಗಿಲ ಪರದೆ ಹಿಂದೆ ನಿಂತಿದ್ದೆ. ಮುಗಿಯೋವರೆಗೂ ಅಲ್ಲೇ ಇದ್ದೆ."

ಅತ್ತಿಗೆಗೆ ಬೆಳಿಗ್ಗೆಯೇ ಆ ಗುಮಾನಿ ಬಂದಿತ್ತು. ಸಾರ್ ಗೋಗರೆದರು ಎಂದು ಅವಳು ಅಂದಿದ್ದಳಲ್ಲ. ಮೇಜಿನ ಬಳಿಗೆ ಒಂದಕ್ಷರವೂ ಬಾರದು, ಕಾಗದದಲ್ಲಿ ಗೋಗರೆತವೇ ಇಲ್ಲ. ಹಾಗೆ ಅನ್ನಬೇಕಾದರೆ ಅವಳು ಕಿವಿಯಾರೆ ಕೇಳಿರಬೇಕು. ಕರ್ತವ್ಯ ಬಿಟ್ಟದ್ದಕ್ಕೆ ಹೆದರಿ ತನ್ನನ್ನು ಪಾರುಮಾಡಬಹುದಾಗಿದ್ದ ಮಾತನ್ನೇ ಅವಳು ನುಂಗಿಕೊಂಡಿದ್ದಳು.

"ಕತ್ತಲಾದ ಕೂಡಲೇ ನೀವು ಹಿಂಬಾಗಿಲಿಂದ ಎದ್ದು ಬಂದ್ರಿ," ಎಂದು ಅತ್ತಿಗೆ ಖಜಾಂಚಿಯವರತ್ತ ತಿರುಗಿದರು. "ಏನೋ ನೆಪ ಹೇಳಿ ಇವಳನ್ನ ಆಚೆ ಕಳಿಸೋ ಯೋಚನೆ ಇದ್ದಿರಬೇಕು. ಮೇಜೇ ಖಾಲಿ ಇತ್ತು, ಮೊಳೆಯಲ್ಲಿ ಕೀಲಿ ಇತ್ತು. ನಿಮಗೆ ಬೀಗ ಬೇಕಿರಲಿಲ್ಲ, ಬೀಗ ಹೋಯ್ತು ಅನ್ನೋ ಸುದ್ದಿ ಬೇಕಿತ್ತು. ತಮ್ಮ ವಸ್ತುವನ್ನೇ ಕಾಯಲಾರದವರಿಗೆ ಯಾರು ಓಟು ಹಾಕ್ತಾರೆ? ರಾತ್ರಿ ಎಲ್ಲರ ಜೇಬೂ ನೋಡಿದ್ರಲ್ಲ, ಬೀಗ ಈ ಕೋಣೆ ದಾಟಿಲ್ಲ. ದಯವಿಟ್ಟು ಆ ದೊಡ್ಡ ಬೀಗ ಬಿಟ್ಟು ಸ್ವಲ್ಪ ಪಕ್ಕಕ್ಕೆ ಬನ್ನಿ."

ಮಗುವಿನ ಮುಷ್ಟಿ ಹಿಡಿಸುವ ಆ ಕೀಲಿರಂಧ್ರಕ್ಕೆ ನನ್ನ ಜೇಬಿನ ಚಿಮಟ ಇಳಿಸಿದೆ. ಉಗುರುಬೀಗ ಹೊಳೆಯುತ್ತ ಬಂತು. ನೋವಿಲ್ಲದೆ ನಾನು ಕಿತ್ತದ್ದು ಅದೊಂದೇ ಇರಬೇಕು. ಖಜಾಂಚಿ ಕೋಟು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ನಡೆದುಬಿಟ್ಟರು. ಉಳಿದವರು ಕೈ ಎತ್ತಿದರು. ಸಂಗ್ರಹಾಲಯ ಉಳಿಯಿತು.

ನಿರ್ದೇಶಕರು ಬಾಗಿಲ ಬಳಿ ಹೋಗಿ ಬೀಗದಕ್ಕನ ಎದುರು ನಿಂತರು. ಮಾತು ಹೊರಡಲಿಲ್ಲ. ಜೇಬಿನಿಂದ ಕೀಲಿಗೊಂಚಲು ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಅವಳು ತೆಗೆದುಕೊಂಡಳು.

ಸಂಜೆ ಇದನ್ನು ಬರೆಯುವಾಗ, ನಿರ್ದೇಶಕರು ಕ್ಷಮೆ ಕೇಳಿದರು ಎಂದು ಮುಗಿಸಿದ್ದೆ. ಅತ್ತಿಗೆ ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು.

"ಕೇಳಿದ್ರಾ? ಅವರು ಬಾಯಿ ಬಿಟ್ಟದ್ದು ನೀನು ಕಂಡೆಯಾ?"

ನಾನು ಆ ಸಾಲು ಹೊಡೆದುಹಾಕಿದೆ. ಕಿತ್ತುಕೊಂಡದ್ದನ್ನು ಹಿಂದಿರುಗಿಸಿದರು ಎಂದು ಬರೆದೆ. ಅತ್ತಿಗೆ ಕೆಂಪು ಪೆನ್ನಿನ ಮುಚ್ಚಳ ಹಾಕಿದರು.