ಅಸಲಿ ಜೋಡಿ

ಭಾವ ಆ ಮಾತನ್ನು ಊಟದ ಮೇಜಿನ ತುದಿಯಲ್ಲಿ ನಿಂತು, ನೆಂಟರಿಗೆಲ್ಲ ಕೇಳುವಂತೆ ಹೇಳಿದ.

"ಇವನು ನನ್ನ ಹೆಂಡತಿ ತಮ್ಮ. ದಿನವಿಡೀ ಶೂ ಮೂಸ್ತಾನೆ. ಅದಕ್ಕೆ ಸಂಬಳಾನೂ ಕೊಡ್ತಾರೆ."

ನೆಂಟರು ನಕ್ಕರು. ಅಕ್ಕನೂ ಸೆರಗಿನ ಮರೆಯಲ್ಲಿ ನಕ್ಕಳು. ಅವನೂ ನಕ್ಕ, ನಗುತ್ತಲೇ ಭಾವನನ್ನು ತಲೆಯಿಂದ ಕಾಲಿನವರೆಗೆ ಅಳೆದ. ಒಂದು ಟೈಲ್ಸ್ ಅಂಗಡಿ, ಅಂಗಡಿಗಿಂತ ದೊಡ್ಡ ಬಾಯಿ, ಬಾಯಿಗಿಂತ ದೊಡ್ಡ ಹೊಟ್ಟೆ. ಜೊತೆಗೆ ನಡುಮನೆಯ ಗೋಡೆಯುದ್ದಕ್ಕೂ ಗಾಜಿನ ಕಪಾಟು, ಅದರ ತುಂಬ ಸ್ನೀಕರ್‌ಗಳು. ಗೇಟಿನವರೆಗೆ ನಡೆದರೂ ಏದುಸಿರು ಬಿಡುವ ಮನುಷ್ಯನಿಗೆ ಅಷ್ಟೊಂದು ಓಟದ ಶೂ.

ಹೌದು, ಅವನು ಮೂಸುತ್ತಿದ್ದ. ಆನ್‌ಲೈನಿನಲ್ಲಿ ದುಬಾರಿ ಶೂಗಳನ್ನು ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ಮಾರುವ ಕಂಪನಿಯೊಂದರ ಗೋದಾಮಿನಲ್ಲಿ ಅವನು ಪರೀಕ್ಷಕ. ಪ್ರತಿ ಜೋಡಿಯೂ ಮೊದಲು ಅವನ ಮೇಜಿಗೆ ಬರಬೇಕು. ಅಸಲಿ ಎಂದು ಅವನು ಹಸಿರು ಚೀಟಿ ಕಟ್ಟಿದ ಮೇಲೆಯೇ ಕೊಂಡವನ ಮನೆಗೆ ಹೋಗಬೇಕು. ನಕಲಿ ಶೂವಿನ ಅಂಟು ಮೂಗಿಗೆ ಘಾಟು ಹೊಡೆಯುತ್ತದೆ. ಹಿಮ್ಮಡಿಯ ಹೊಲಿಗೆ ಕುಡುಕನಂತೆ ತೂರಾಡುತ್ತದೆ. ಒಳಗಿನ ಅಟ್ಟೆ ಎತ್ತಿದರೆ ಕೆಳಗೆ ರಟ್ಟಿನಂಥ ರಬ್ಬರು. ಇದನ್ನೆಲ್ಲ ಅವನು ಕಣ್ಣು ಮುಚ್ಚಿ ಹೇಳಬಲ್ಲ.

ಕೊಳ್ಳುವವರ ಮೇಲೆ ಅವನಿಗೆ ಮರುಕವಿರಲಿಲ್ಲ. ಫೋಟೊ ನೋಡಿ ಮರುಳಾಗುವವರು, ಹೊಗಳಿಕೆ ಬರೆದವರು ಯಾರೆಂದು ವಿಚಾರಿಸದವರು. ಹಾಳೆಯ ಮೇಲೆ ಪಾದವಿಟ್ಟು ಗೆರೆ ಎಳೆದು ಅಳೆಯುವಷ್ಟೂ ವ್ಯವಧಾನವಿಲ್ಲದೆ, ಶೂ ಕಾಲ್ಬೆರಳನ್ನು ಒತ್ತಿದ ಮೇಲೆ ಕಂಪನಿಗೆ ಶಾಪ ಹಾಕುವವರು. ಇಂಥ ಮಂದಿಗೆಲ್ಲ ಭಾವ ರಾಜ ಎಂದು ಅವನ ಲೆಕ್ಕ. ಹೆಂಡತಿಯ ತಮ್ಮನೇ ಪರೀಕ್ಷಕನಾಗಿದ್ದರೂ ಭಾವ ಒಂದು ಜೋಡಿ ಕೊಳ್ಳುವ ಮುನ್ನವೂ ಅವನ ಸಲಹೆ ಕೇಳಿದವನಲ್ಲ.

ಕಪಾಟಿನ ನಡುವೆ ಒಂದು ಜೋಡಿ ಮಾತ್ರ ಡಬ್ಬಿಯೊಳಗೇ ಇತ್ತು. ಹಾಲಿನಂಥ ಬಿಳಿ ಚರ್ಮ, ಪಕ್ಕೆಗೆ ಇಟ್ಟಿಗೆ ಬಣ್ಣದ ತೆಳು ಗೆರೆ. ಶೂ ತಯಾರಿಸುವ ಕಂಪನಿ ಅಂಥ ಕೆಲವು ಜೋಡಿಗಳನ್ನಷ್ಟೇ ಮಾಡಿ ನಿಲ್ಲಿಸಿತ್ತು. "ಒಳ್ಳೇ ದಿನ ಬರಲಿ, ಹಾಕ್ಕೋತೀನಿ" ಎಂದು ಭಾವ ವರ್ಷಗಟ್ಟಲೆ ಹೇಳುತ್ತ ಬಂದಿದ್ದ. ಕತ್ತೆಗೆ ಕಸ್ತೂರಿ ಹೊರಿಸಿದಂತೆ ಎಂದು ಇವನು ವರ್ಷಗಟ್ಟಲೆ ಅಂದುಕೊಂಡಿದ್ದ.

ನಕಲಿ ತಾನಾಗಿಯೇ ಅವನ ಮೇಜಿಗೆ ಬಂತು. ಅದೇ ಬಿಳಿ, ಅದೇ ಗೆರೆ, ಅದೇ ಡಬ್ಬಿ, ಡಬ್ಬಿಯ ಮೇಲೆ ಅದೇ ಒಂಬತ್ತನೇ ಸೈಜು. ಕಳಿಸಿದವನು ಸಿಕ್ಕಿಬಿದ್ದೆನೆಂದು ಹೆದರಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕತ್ತರಿಸಿ ಎಸೆಯಬೇಕಾದ ಮಾಲನ್ನು ಅವನು ಮನೆಗೆ ತಂದ. ತೂರಾಡುತ್ತಿದ್ದ ಹೊಲಿಗೆಯನ್ನು ಬಿಚ್ಚಿ, ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ನೆಟ್ಟಗೆ ಹೊಲಿದ. ಅಂಟಿನ ಘಾಟು ಹೋಗುವವರೆಗೆ ಗಾಳಿಗಿಟ್ಟ. ಲೇಸು ಬದಲಿಸಿದ. ಭಾವನ ಕಣ್ಣಿಗೆ ಇಷ್ಟು ಶ್ರಮ ಬೇಕಿರಲಿಲ್ಲ. ಕೆಲಸದ ಮೇಲಿನ ಮರ್ಯಾದೆಗಾಗಿ ಮಾಡಿದ.

ಅಕ್ಕನನ್ನು ಒಪ್ಪಿಸುವುದು ಸುಲಭವಾಗಿತ್ತು.

"ಕಪಾಟಿನೊಳಗೆ ತೇವ ಸೇರ್ಕೊಂಡಿದೆ ಅಕ್ಕ. ಹೀಗೇ ಬಿಟ್ರೆ ಶೂಗಳ ಅಡಿಯೆಲ್ಲ ಹಿಟ್ಟಾಗುತ್ತೆ. ನಾನೇ ಬಂದು ನೋಡ್ತೀನಿ."

"ಬಾರೋ. ಅವರಿಗಂತೂ ಮಕ್ಕಳಿಗಿಂತ ಆ ಶೂಗಳೇ ಹೆಚ್ಚು."

ಭಾವ ಅಂಗಡಿಗೆ ಹೋಗಿದ್ದ ಹೊತ್ತಿನಲ್ಲಿ ಹೋದ. ಅಕ್ಕ ಚಹಾಕ್ಕೆ ನೀರಿಟ್ಟಳು. ಅವನು ಕೈಗವಸು ಹಾಕಿ ಡಬ್ಬಿ ತೆರೆದು ಬಲಗಾಲಿನ ಶೂ ಎತ್ತಿದ. ಅಸಲಿ, ಒಳಚೀಟಿಯಲ್ಲಿ ಒಂಬತ್ತು. ಎಡಗಾಲಿನದು ಹಾಳೆಯಲ್ಲಿ ಗರಿಗರಿಯಾಗಿ ಸುತ್ತಿಕೊಂಡು ಮಲಗಿತ್ತು. ಅನನುಭವಿಯಾದರೆ ಎರಡನ್ನೂ ಹೊರಗೆಳೆದು ಹಾಳೆ ಮುದುಡಿ ಬೆಲೆ ಕೆಡಿಸುತ್ತಿದ್ದ. ಅವನು ಹಾಗೇ ಮುಚ್ಚಳ ಮುಚ್ಚಿ, ಡಬ್ಬಿಯನ್ನು ಚೀಲಕ್ಕಿಳಿಸಿ, ನಕಲಿಯನ್ನು ಅದರ ಜಾಗದಲ್ಲಿಟ್ಟ. ಅಕ್ಕ ಲೋಟ ಹಿಡಿದು ಬರುವಷ್ಟರಲ್ಲಿ ಗಾಜು ಒರೆಸುತ್ತಿದ್ದ.

ಮಾರಿದ್ದು ತನ್ನ ಕಂಪನಿಯ ಮೂಲಕವೇ. ಬೇರೆ ಹೆಸರಿನ ಖಾತೆಯಿಂದ ಜೋಡಿ ಹೊರಟಿತು, ಸುತ್ತಾಡಿಕೊಂಡು ಅವನ ಮೇಜಿಗೇ ಬಂತು. ಕದ್ದವನೂ ತಾನೇ, ಸಾಕ್ಷಿಯೂ ತಾನೇ, ತೀರ್ಪು ಕೊಡುವವನೂ ತಾನೇ. ತಾನು ಬಲ್ಲ ಶೂವನ್ನು ಮತ್ತೇನು ನೋಡುವುದೆಂದು ಹಾಳೆಗೆ ಕೈಹಚ್ಚದೆ ಹಸಿರು ಚೀಟಿ ಕಟ್ಟಿದ. ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಊಟ ಮಾಡುತ್ತ, ಭಾವ ಕಪಾಟಿನತ್ತ ಹೆಮ್ಮೆಯಿಂದ ನೋಡುವುದನ್ನು ನೋಡಿ ಎರಡನೇ ಸಲ ಬಡಿಸಿಕೊಂಡ.

ಕೆಲ ದಿನಗಳ ನಂತರ ಮ್ಯಾನೇಜರಮ್ಮ ಅವನನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಅದೇ ಡಬ್ಬಿ ಇತ್ತು.

"ಕೊಂಡವರು ವಾಪಸ್ ಕಳಿಸಿದಾರೆ. ಬಲಗಾಲಿಂದು ಒಂಬತ್ತು, ಎಡಗಾಲಿಂದು ಎಂಟು ಅಂತೆ. ನೋಡಿದೆ, ನಿಜ. ಎರಡೂ ಅಸಲಿನೇ."

ಅವನಿಗೆ ಬೆವರೇನೂ ಬರಲಿಲ್ಲ. ಕೊಳ್ಳುವವರ ಬುದ್ಧಿ ಅವನಿಗೆ ಹೊಸದಲ್ಲ.

"ಅವರೇ ಒಂದನ್ನ ಬದಲಾಯಿಸಿರ್ತಾರೆ ಮೇಡಂ. ಹಣ ವಾಪಸ್ ಕೇಳೋಕೆ ಇದೊಂದು ಆಟ."

"ನೀವು ಎರಡನ್ನೂ ನೋಡಿದ್ರಾ?"

"ನೋಡಿಯೇ ಚೀಟಿ ಕಟ್ಟಿದ್ದು."

"ಇಷ್ಟು ಅಪರೂಪದ ಮಾಲು. ಎಂಟರ ಎಡಗಾಲು ಒಂದನ್ನೇ ಎಲ್ಲಿಂದ ತರ್ತಾರೆ ಅಂತ."

"ಇಂಥವರು ಎಲ್ಲಿಂದ ಬೇಕಾದ್ರೂ ತರ್ತಾರೆ ಮೇಡಂ" ಎನ್ನುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅಕ್ಕ. ಎತ್ತಿ "ಆಮೇಲೆ ಮಾಡ್ತೀನಿ" ಎಂದ.

ಅಕ್ಕ ಆಮೇಲೆ ಎಂದರೆ ಕೇಳುವವಳಲ್ಲ, ಮೆಲ್ಲಗೆ ಮಾತಾಡುವವಳೂ ಅಲ್ಲ. ಅವಳ ದನಿ ಮೇಜು ದಾಟಿ ಮ್ಯಾನೇಜರಮ್ಮನ ಕಿವಿಗೂ ಬಿತ್ತು. "ನೀನು ಶೂ ವಿಷಯ ಬಲ್ಲವನು, ಸ್ವಲ್ಪ ಬಂದು ನೋಡೋ. ಇವತ್ತು ಹೊಸ ಅಂಗಡಿ ಶುರು ಅಂತ ಅವರು ಆ ಬಿಳಿ ಶೂ, ಅದೇ ಇಟ್ಟಿಗೆ ಬಣ್ಣದ ಗೆರೆ ಇರೋದು, ಹಾಕ್ಕೊಂಡ್ರೆ ಎಡಗಡೇದು ಕಳಚಿ ಕಳಚಿ ಬೀಳ್ತಿದೆ. ಮಗುವಾಗಿದ್ದಾಗ ಜ್ವರ ಬಂದು ಅವರ ಎಡಪಾದ ಪೂರ್ತಿ ಬೆಳೀಲೇ ಇಲ್ಲ. ನಾಚ್ಕೊಂಡು ನಿಮಗ್ಯಾರಿಗೂ ಹೇಳಿಲ್ಲ. ಯಾವ ಶೂ ತಗೊಂಡ್ರೂ ಎರಡು ಜೊತೆ ತಗೊಂಡು, ಎಡಕ್ಕೆ ಎಂಟು, ಬಲಕ್ಕೆ ಒಂಬತ್ತು ಅಂತ ಅವರೇ ಕೂತು ಜೋಡಿಸಿ, ಹಾಳೆ ಸುತ್ತಿ ಇಡ್ತಾರೆ. ಈಗ ನೋಡಿದ್ರೆ ಎರಡೂ ಒಂಬತ್ತು. ಯಾರೋ ಬದಲಾಯಿಸಿದಾರೆ, ಪೊಲೀಸರಿಗೆ ಹೇಳ್ತೀನಿ ಅಂತ ಹೊರಟಿದಾರೆ." ಮ್ಯಾನೇಜರಮ್ಮ ಡಬ್ಬಿಯಿಂದ ಎಡಗಾಲಿನ ಶೂ ಎತ್ತಿ, ಲೇಸಿನಡಿಯ ನಾಲಿಗೆಪಟ್ಟಿ ಮಗುಚಿ, ಒಳಚೀಟಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಅವನತ್ತ ಕೈ ಚಾಚಿ, "ಫೋನ್ ಇಲ್ಲಿ ಕೊಡಿ. ನಿಮ್ಮ ಅಕ್ಕನ ಹತ್ರ ನಾನು ಮಾತಾಡ್ತೀನಿ" ಎಂದರು.