ಹಳದಿ ಚೀಟಿಯ ‘ಬರೆ’

“ನಮ್ಮ ಹೀರಾ ಮೊಂಡಿ ಅಲ್ಲ ಅಕ್ಕೋರೆ! ಇದನ್ನ ಬರೆದದ್ದು ಯಾರು?”

ಒಂದನೇ ತರಗತಿಯ ಬಾಗಿಲಲ್ಲಿ ನಿಂತವನ ಕೈಯಲ್ಲಿ ಹೀರಾಳ ಶಾಲಾ ಡೈರಿ ತೆರೆದಿತ್ತು. ಶಿಕ್ಷಕಿ ವಿಜೇತಾ ತಲೆ ಎತ್ತಿ ನೋಡಿದಳು. ಎತ್ತರದ ಆಳು, ಬೆರಳಿಗೆಲ್ಲ ಮಸಿ, ಕಣ್ಣಲ್ಲಿ ಸಿಟ್ಟು... ಅಬ್ಬಾ, ಎಂಥ ಸಿಟ್ಟು!

‘ಬರೆ ಎಂದರೆ ಬರೆಯುವುದಿಲ್ಲ. ನಗುತ್ತಾ ಕೂರುತ್ತಾಳೆ. ಮೊಂಡಿ.’ ಹೌದು, ಬರೆದದ್ದು ಅವಳೇ.

“ನಾನೇ. ನೀವು ಯಾರು?”

“ನಿತೇಶ. ಅವಳ ಮಾಮ. ಬಸ್‌ಸ್ಟ್ಯಾಂಡ್ ಹತ್ರ ಝೆರಾಕ್ಸ್ ಅಂಗಡಿ ನಂದು. ಅವಳ ಆಯಿ, ನನ್ನ ಅಕ್ಕ, ಗೋವಾದಲ್ಲಿ ಕೆಲ್ಸಕ್ಕಿದ್ದಾಳೆ, ಭಾನುವಾರ ಮಾತ್ರ ಬರುದು. ಹುಡುಗಿ ನಿನ್ನೆಯಿಂದ ಅಳ್ತಾ ಅದೆ. ಅಕ್ಕೋರು ಚೊಲೋ ಚೊಲೋ ಅಂದ್ರು, ಮತ್ತೆ ಎಂತಕ್ಕೆ ಬೈದ್ರು, ಕೇಳ್ತದೆ!”

“ನಾನು ಚೊಲೋ ಅನ್ನಲೇ ಇಲ್ಲ ಮಾರಾಯ್ರೆ! ಬರೆ, ಬರೆ ಅಂದೆ ಅಷ್ಟೇ...”

ನಿತೇಶನ ಸಿಟ್ಟು ಎಲ್ಲಿ ಹೋಯಿತೋ ಏನೋ, ಗೊಳ್ಳೆಂದು ನಕ್ಕುಬಿಟ್ಟ.

“ಅಯ್ಯೋ ದೇವ್ರೆ! ಕೊಂಕಣಿಯಲ್ಲಿ ಬರೆ ಅಂದ್ರೆ ಒಳ್ಳೇದು, ಚೊಲೋದು ಅಂತ. ನಮ್ಮನೆಯಲ್ಲಿ ಕೊಂಕಣಿ ಬಿಟ್ರೆ ಬೇರೆ ಮಾತಿಲ್ಲ. ನೀವು ಬರೆ ಬರೆ ಅಂದ ಹಾಗೆ ಅವಳಿಗೆ ಖುಷಿಯೋ ಖುಷಿ!”

ಅಂಕೋಲೆಯ ಹಟ್ಟಿಕೇರಿಯವಳು ವಿಜೇತಾ, ಕಾಳಿ ಹೊಳೆ ದಾಟಿ ಸದಾಶಿವಗಡದ ಶಾಲೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮಾಮನ ಹಿಂದೆ ನಿಂತಿದ್ದ ಹೀರಾಳ ಮುಂದೆ ನೆಲದ ಮೇಲೇ ಕೂತಳು.

“ತಪ್ಪು ನಂದು ಪುಟ್ಟಿ. ನೀನು ಚೊಲೋ ಹುಡುಗಿ. ಬರೆ!”

ಈ ಸಲ ಕೊಂಕಣಿಯಲ್ಲೇ ಹೇಳಿದಳು. ಹೀರಾ ಮೂಗು ಒರೆಸಿಕೊಂಡು ನಕ್ಕಳು. ಬಾಗಿಲಲ್ಲಿದ್ದವನೂ ನಕ್ಕ. ಆ ನಗು ನೋಡಿ ಇವಳ ಎದೆ ಯಾಕೆ ಡವಡವ ಎನ್ನಬೇಕು, ಹೇಳಿ!

ಮಾರನೆಯ ದಿನ ಅವಳೇ ಝೆರಾಕ್ಸ್ ಅಂಗಡಿಗೆ ಹೋದಳು.

“ನಾನು, ನೀವು, ಇಲ್ಲಿ, ಬೇಕು... ಇವು ಪ್ರತಿ ಸಾಲಲ್ಲೂ ಬರುವ ಪದಗಳು. ಪ್ರತಿ ಸಲ ಅಕ್ಷರ ಕೂಡಿಸ್ತಾ ಕೂತರೆ ಮಗುವಿಗೆ ಕತೆಯೇ ಮರೆತುಹೋಗ್ತದೆ. ಮುಖ ಕಂಡ ಕೂಡಲೇ ಗುರುತು ಹಿಡಿಯುವ ಹಾಗೆ, ಪದ ಕಂಡ ಕೂಡಲೇ ಓದಬೇಕು. ಶಾಲೆಯಲ್ಲಿ ನಾನು ಮಾಡಿಸ್ತೇನೆ. ಮನೆಯಲ್ಲಿ?”

“ಮನೆಯಲ್ಲಿ ನಾನಿದ್ದೇನಲ್ಲ!” ಎಂದ ನಿತೇಶ.

ಅವನೇ ಚೀಟಿ ಕತ್ತರಿಸಿದ, ಲ್ಯಾಮಿನೇಶನ್ ಮಾಡಿದ. ಸುಮ್ಮನೆ ಓದುವ ಪದಕ್ಕೆ ಬಿಳಿ ಚೀಟಿ, ಮಾಡಿ ತೋರಿಸುವ ಪದಕ್ಕೆ ಹಳದಿ. ‘ಬಾ’ ಕಂಡರೆ ಹೀರಾ ಓಡಿ ಬರಬೇಕು, ‘ಕೂರು’ ಕಂಡರೆ ಧೊಪ್ಪೆಂದು ಕೂರಬೇಕು, ‘ಬರೆ’ ಕಂಡರೆ ಪೆನ್ಸಿಲ್ ಹಿಡಿಯಬೇಕು. ದಿನಕ್ಕೆ ಐದೇ ಪದ. ಮೀನು ಹೆಚ್ಚುತ್ತಾ ಕೂತ ಅಜ್ಜಿಯ ಮುಂದೂ ಆಟ ನಡೆಯಿತು. ಚೀಟಿ ತುಂಬಿದ ಬಿಸ್ಕೀಟ್ ಡಬ್ಬಿ ದಿನಾ ಶಾಲೆಗೂ ಮನೆಗೂ ಓಡಾಡಿತು. ವಿಜೇತಾಳ ಬಾಯಲ್ಲಿ ಕೊಂಕಣಿಯ ‘ಬರೆ’ ಎಷ್ಟು ಕೂತುಬಿಟ್ಟಿತೆಂದರೆ, ನಿತೇಶ ಚಹಾ ಬೇಕಾ ಎಂದು ಕೇಳಿದರೂ “ಬರೆ!” ಎನ್ನುತ್ತಿದ್ದಳು.

ಐದು ತಿಂಗಳು ಹೀಗೇ ಕಳೆಯಿತು. ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗೊತ್ತು. ಇಬ್ಬರೂ ಬಾಯಿ ಬಿಡಲಿಲ್ಲ!

ಒಂದು ಸೋಮವಾರ ಅಂಗಡಿಯಲ್ಲಿ ಅವಳು ಬೇಕೆಂದೇ ಹೇಳಿದಳು, “ಬರುವ ಭಾನುವಾರ ನನ್ನನ್ನು ನೋಡ್ಲಿಕ್ಕೆ ಗಂಡಿನ ಕಡೆಯವರು ಬರ್ತಾರಂತೆ.”

‘ಏನಾದರೂ ಹೇಳು ಮಾರಾಯ... ಬೇಡ ಅಂತಾದರೂ ಹೇಳು!’

ನಿತೇಶನ ಮುಖ ಸಪ್ಪಗಾಯಿತು. ಗಿರಾಕಿಗಳು ಕಾಯುತ್ತಿದ್ದರು. ಅವನು ಝೆರಾಕ್ಸ್ ಯಂತ್ರದತ್ತ ತಿರುಗಿದ.

ಮರುದಿನ ಹೀರಾಳ ಡಬ್ಬಿಯಲ್ಲಿ ಒಂದು ಕಾಗದ. ‘ಈ ಸಂಬಂಧ ನಿಮಗೆ ಹೇಗನಿಸುತ್ತದೆ? ನಾನು ಒಂದು ಮಾತು ಹೇಳಬಹುದೇ?’

ವಿಜೇತಾ ಅದನ್ನು ಎರಡು ಸಲ ಓದಿದಳು. ಸುತ್ತ ಮಕ್ಕಳ ಗಲಾಟೆ. ಏನೆಂದು ಉತ್ತರ ಬರೆಯುವುದು? ಡಬ್ಬಿಯಿಂದ ಒಂದು ಹಳದಿ ಚೀಟಿ ತೆಗೆದು ಆ ಕಾಗದಕ್ಕೆ ಗುಂಡುಸೂಜಿ ಚುಚ್ಚಿ ಕಳಿಸಿದಳು.

‘ಬರೆ.’

ನಿನ್ನ ಆ ಒಂದು ಮಾತನ್ನು ಬರೆ ಎಂದೇ ಅವಳ ಅರ್ಥ. ಆದರೆ ಅವನು ಓದಿದ್ದು ಮೊದಲನೆಯ ಪ್ರಶ್ನೆಗೆ ಉತ್ತರ. ಸಂಬಂಧ ಹೇಗನಿಸುತ್ತದೆ? ಬರೆ. ಚೊಲೋ ಉಂಟು.

ಅಲ್ಲಿಗೆ ಮುಗಿಯಿತು! ಬುಧವಾರ, ಗುರುವಾರ, ಶುಕ್ರವಾರ... ಡಬ್ಬಿಯಲ್ಲಿ ಕಾಗದವಿಲ್ಲ. ಹೀರಾಳನ್ನು ಕರೆದೊಯ್ಯಲು ಅಜ್ಜಿ ಬಂದಳು.

‘ಬರೆ ಅಂದೆನಲ್ಲ... ಒಂದು ಸಾಲು ಬರೆಯಲೂ ಮನಸ್ಸಿಲ್ಲವೇ ಅವರಿಗೆ?’ ವಿಜೇತಾ ಡಬ್ಬಿಯನ್ನು ಮತ್ತೆ ಮತ್ತೆ ತಡಕಿದಳು.

ಶುಕ್ರವಾರ ಸಂಜೆ ಹಟ್ಟಿಕೇರಿಯಿಂದ ಅಪ್ಪನ ಫೋನು. “ಮಗಾ, ಮನಸ್ಸಲ್ಲಿ ಯಾರಾದ್ರೂ ಇದ್ರೆ ಈಗ್ಲೇ ಹೇಳು. ಇಲ್ದಿದ್ರೆ ಬಂದವ್ರಿಗೆ ಹೂಂ ಹೇಳುದೇ.”

“ನಾಳೆ ಮನೆಗೆ ಬಂದು ಹೇಳ್ತೆ ಅಪ್ಪಾ,” ಎಂದು ಫೋನಿಟ್ಟು ಅತ್ತಳು.

ಶನಿವಾರ ಬೆಳಿಗ್ಗೆ ಶಾಲೆಗೆ ಹೊರಟ ಹೀರಾ ಅಂಗಡಿಯ ಮೇಜಿನ ಮೇಲೆ ತನ್ನ ಚೀಟಿ ಕಂಡಳು.

“ಮಾಮಾ! ನನ್ನ ಬರೆ ಇಲ್ಲುಂಟು! ನೀನು ಬರೆದ್ಯಾ?”

“ಅದು ಬರೆಯುದಲ್ಲ ಪುಟ್ಟಾ. ಚೊಲೋದು ಅಂತ.”

“ಅಲ್ಲ! ಹಳದಿ ಚೀಟಿ ಅಂದ್ರೆ ಮಾಡ್ಬೇಕು!” ಹುಡುಗಿಗೆ ಸಿಟ್ಟೇ ಬಂತು. “ಅಕ್ಕೋರು ಬರೆ ಅಂದ್ರೆ ಬರಿಬೇಕು. ನಾನು ನಕ್ಕಿದ್ದಕ್ಕೆ ಡೈರಿಯಲ್ಲಿ ಬಂತಲ್ಲ!”

ತಾನೇ ಕತ್ತರಿಸಿದ ಹಳದಿ! ನಿತೇಶ ಹಣೆ ಹಣೆ ಚಚ್ಚಿಕೊಂಡ. ಹೀರಾ ಅವನ ಕೈಗೆ ಪೆನ್ಸಿಲ್ ತುರುಕಿದಳು.

ಶನಿವಾರದ ಅರ್ಧ ದಿನದ ಶಾಲೆ ಬಿಟ್ಟಿತು. ಅಂಕೋಲೆಯ ಬಸ್ಸಿಗೆಂದು ಚೀಲ ಹಿಡಿದು ಹೊರಟ ವಿಜೇತಾಳ ಎದುರು ಗೇಟಿನಲ್ಲೇ ಅವನು ನಿಂತಿದ್ದ. ಅವಳು ಮುಖ ತಿರುಗಿಸಿದಳು.

“ದಾರಿ ಬಿಡಿ. ಬಸ್ಸು ಹೋಗ್ತದೆ.”

“ಒಂದು ಚೀಟಿ ಉಂಟು. ಹೀರಾ ಓದ್ತಾಳೆ... ನಂಗೆ ಧೈರ್ಯ ಇಲ್ಲ.”

ಹೀರಾ ಬಿಳಿ ಚೀಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಒಂದು ಅಕ್ಷರವನ್ನೂ ಕೂಡಿಸಲಿಲ್ಲ. ಎಲ್ಲೂ ತಡೆಯಲಿಲ್ಲ.

“ನೀವು ನನಗೆ ಬೇಕು!”

ಹೀರಾ ಗಟ್ಟಿಯಾಗಿ ಓದಿದ ಮೊದಲ ಪೂರ್ತಿ ವಾಕ್ಯ ಅದು. ಅಕ್ಕೋರಿಗೆ ಖುಷಿಯಾಗಬೇಕಿತ್ತು, ಅಕ್ಕೋರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು!

“ನಾಲ್ಕು ದಿನ ಬೇಕಾಯ್ತಾ ಇಷ್ಟು ಬರೆಯಲಿಕ್ಕೆ?”

“ನಿಮ್ಮ ಚೀಟಿ ಕೊಂಕಣಿಯಲ್ಲಿ ಓದಿಬಿಟ್ಟೆ ಅಕ್ಕೋರೆ...”

ಅರ್ಥವಾದಾಗ ಅಳುವಿನ ಮಧ್ಯೆಯೇ ಅವಳಿಗೆ ನಗು ಉಕ್ಕಿತು. ಕಣ್ಣೊರೆಸಿಕೊಂಡು ಫೋನು ತೆಗೆದಳು.

“ಅಪ್ಪಾ, ನಾಳೆ ಅವ್ರಿಗೆ ಬರುದು ಬೇಡ ಹೇಳು. ಮನಸ್ಸಲ್ಲಿ ಒಬ್ರಿದ್ದಾರೆ. ಕರ್ಕೊಂಡು ಬತ್ತೆ.”

ನಿತೇಶನಿಗೆ ನಿಂತಲ್ಲೇ ಬೆವರು. “ಮನೆಯಲ್ಲಿ ನಾನೆಂತ ಹೇಳುದು ಅಕ್ಕೋರೆ?”

“ಮೊದಲು ಈ ಅಕ್ಕೋರೆ ಅನ್ನುದು ಬಿಡಿ.”

“ಮತ್ತೆ ಎಂತ ಕರಿಲಿ?”

ಅವಳು ಅದೇ ಚೀಟಿಯ ಹಿಂಬದಿಯಲ್ಲಿ ಒಂದು ಪದ ಬರೆದು ಅವನ ಮುಂದೆ ಹಿಡಿದಳು.

“ವಿ... ಜೇ...” ನಾಚಿಕೆಗೆ ಅವನ ನಾಲಿಗೆ ತೊದಲಿತು.

“ಮಾಮಾ, ಕೂಡಿಸ್ಬಾರ್ದು!” ಹೀರಾ ಗದರಿದಳು. “ಕಂಡ ಕೂಡ್ಲೆ ಹೇಳ್ಬೇಕು!”

ನಿತೇಶ ಚೀಟಿಯನ್ನು ನೋಡಲಿಲ್ಲ, ಅವಳನ್ನೇ ನೋಡಿದ.

“ವಿಜೇತಾ.”

“ಬರೆ,” ಎಂದಳು ಅವಳು, ಕೊಂಕಣಿಯಲ್ಲಿ.